ಇಸ್ತ್ರಿಮನೆಯ ಇಂಗ್ಲಿಷು

ನೋವು ಅನ್ನಬಾರದು ಎಂದು ಮೇಡಂ ಇಂಗ್ಲಿಷು ಪಾಠದ ಮೊದಲ ದಿನವೇ ಹೇಳಿದಳು. ಇಷ್ಯೂ ಅನ್ನಬೇಕು.

ಸೊಂಟ ನೋಯುತ್ತಿದೆ ಅನ್ನಬಾರದು, ಸೊಂಟದಲ್ಲಿ ಇಷ್ಯೂ ಇದೆ ಅನ್ನಬೇಕು. ಕಷ್ಟ ಅನ್ನಬಾರದು, ಚಾಲೆಂಜ್ ಅನ್ನಬೇಕು. ಸೂಪರ್‌ವೈಸರ್ ಬೈದರು ಅನ್ನಬಾರದು, ಫೀಡ್‌ಬ್ಯಾಕ್ ಕೊಟ್ಟರು ಅನ್ನಬೇಕು. ಕೂಲಿಯವರು ಎಂಬ ಮಾತನ್ನು ಬಾಯಿಗೇ ತರಬಾರದು. ಇನ್ನು ಮೇಲೆ ಎಲ್ಲರೂ ಅಸೋಸಿಯೇಟ್.

“ನೋ, ನಾಟ್, ಇವೆರಡನ್ನೂ ಮರೆತುಬಿಡಿ,” ಎಂದಳು ಮೇಡಂ. “ನಾಟ್ ಅಂದ್ರೆ ಇಲ್ಲ. ಇಲ್ಲ ಅನ್ನೋದು ಕೆಟ್ಟ ಮಾತು. ಯಾರು ಏನು ಕೇಳಿದ್ರೂ ‘ಶೂರ್’ ಅನ್ನಿ.”

ಇಸ್ತ್ರಿಮನೆಯವರು ಒಟ್ಟಿಗೆ ಶೂರ್ ಅಂದರು.

ಅದು ದೊಡ್ಡ ಹೋಟೆಲೊಂದರ ನೆಲಮಾಳಿಗೆ. ಮೇಲಿನ ಕೋಣೆಗಳಲ್ಲಿ ಜನ ಮಲಗಿ ಎದ್ದ ಚಾದರ, ಒರೆಸಿ ಎಸೆದ ಟವೆಲು ಎಲ್ಲ ಒಂದು ತಗಡಿನ ಕೊಳವೆಯಲ್ಲಿ ಜಾರಿ ಕೆಳಗೆ ಬಂದು ಬೀಳುತ್ತಿದ್ದವು. ವಾಂತಿ ಅಂಟಿದವು ಇರುತ್ತಿದ್ದವು. ರಕ್ತ ಅಂಟಿದವು ಇರುತ್ತಿದ್ದವು. ಅದನ್ನು ಬರಿಗೈಯಲ್ಲಿ ಬಿಡಿಸಿ, ಒಗೆಯುವ ಯಂತ್ರಕ್ಕೆ ತುಂಬಿ, ಒದ್ದೆ ಗಂಟನ್ನು ಎದೆಗೆ ಅವಚಿ ಹೊತ್ತು, ಸುಡುವ ರೋಲರಿಗೆ ಒಡ್ಡಿ ಇಸ್ತ್ರಿ ಮಾಡಿ, ಮಡಿಸಿ ಮೇಲೆ ಕಳಿಸಬೇಕು. ಕಿಟಕಿ ಇಲ್ಲ. ಹಬೆಗೆ ಮೈ ಬೆಂದ ಗೆಣಸಾಗುತ್ತಿತ್ತು. ಹೋಗಿ ಬರಲು ಹಿಂಬಾಗಿಲು. ಮುಂಬಾಗಿಲಲ್ಲಿ ಕಾಣಿಸಿಕೊಂಡರೆ ಕೆಲಸ ಹೋಯಿತೆಂದೇ ಲೆಕ್ಕ.

ಅಲ್ಲಿ ಒದ್ದೆ ಗಂಟು ಹೊರುವ ಒಬ್ಬಳನ್ನು ಎಲ್ಲರೂ ಅತ್ತಿಗೆ ಎನ್ನುತ್ತಿದ್ದರು. ಅವಳ ನಾದಿನಿಯೂ ಅಲ್ಲೇ ಕೆಲಸಕ್ಕಿದ್ದಳು. ಅವಳು ‘ಅತ್ತಿಗೆ, ಅತ್ತಿಗೆ’ ಎನ್ನುವುದನ್ನು ಕೇಳಿ ಕೇಳಿ ಇಡೀ ಇಸ್ತ್ರಿಮನೆಗೇ ಅವಳು ಅತ್ತಿಗೆಯಾದಳು. ಗಂಡ ಎನ್ನುವವನು ಯಾವಳದೋ ಹಿಂದೆ ಹೋಗಿ ವರ್ಷಗಳಾಗಿದ್ದವು. ಗಂಡ ಹೋದ, ಗಂಡನ ತಂಗಿ ಉಳಿದಳು. “ಅಣ್ಣ ನಿನ್ನ ಬಿಟ್ಟಿರಬಹುದು, ನಾನೇನು ಬಿಟ್ಟಿಲ್ಲವಲ್ಲ,” ಎಂದು ನಾದಿನಿ ತನ್ನ ಚಾಪೆಯನ್ನು ಅತ್ತಿಗೆಯ ಚಾಪೆಯ ಪಕ್ಕ ಹಾಸಿದವಳು ಮತ್ತೆ ಎತ್ತಿರಲಿಲ್ಲ. ಒಂದೇ ಕೋಣೆ, ಒಂದೇ ಒಲೆ, ಒಂದೇ ಬಾಚಣಿಗೆ. ಇಬ್ಬರೂ ಒಬ್ಬರ ತಲೆ ಒಬ್ಬರು ಬಾಚಿಕೊಂಡು ಕೆಲಸಕ್ಕೆ ಹೊರಡುತ್ತಿದ್ದರು.

ಅತ್ತಿಗೆಯ ಅಜ್ಜಿ ಊರವರ ಬಟ್ಟೆ ಒಗೆದವಳು. ಅವ್ವ ಒಗೆದವಳು. ಇವಳೂ ಒಗೆಯುತ್ತಿದ್ದಳು. ಹೊಳೆಯ ಕಲ್ಲು ಹೋಗಿ ಯಂತ್ರ ಬಂದಿತ್ತು, ಅಷ್ಟೇ. ಬೇರೆಯವರ ಕೊಳೆ ಬೇರೆಯವರದಾಗಿಯೇ ಉಳಿದಿತ್ತು.

ಪಾಠ ನಡೆಯುತ್ತಿದ್ದದ್ದು ಕೆಲಸ ಬಿಟ್ಟ ಮೇಲೆ, ಮಡಿಸಿದ ಚಾದರ ಪೇರಿಸಿಟ್ಟ ಉಗ್ರಾಣದಲ್ಲಿ. ಕೂರುವಂತಿರಲಿಲ್ಲ. “ಶೀಟಿಗೆ ನಿಮ್ಮ ವಾಸನೆ ಹತ್ತುತ್ತೆ,” ಎಂದಿದ್ದ ಸೂಪರ್‌ವೈಸರ್. ಅವನನ್ನು ಬೆನ್ನ ಹಿಂದೆ ಬೂಟು ಎನ್ನುತ್ತಿದ್ದರು. ಬಗ್ಗಿ ಕೆಲಸ ಮಾಡುವವರ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದು ಅವನ ಬೂಟೇ. ದಿನವಿಡೀ ನಿಂತ ಕಾಲಿನಲ್ಲಿ ಮತ್ತೆ ನಿಂತುಕೊಂಡು ಇವರು ಇಂಗ್ಲಿಷು ಕಲಿತರು. ಮೇಡಂ ಮೊದಲು ಗಾಳಿಗೆ ಸೆಂಟು ಹೊಡೆಯುತ್ತಿದ್ದಳು. ಆಮೇಲೆ ಬಾಯಿ ತೆರೆಯುತ್ತಿದ್ದಳು.

ಬಟ್ಟೆ ಮಡಿಸುವ ತಾತನಿಗೆ ಮುಂದಿನ ಹಲ್ಲುಗಳಿರಲಿಲ್ಲ. ಫೀಡ್‌ಬ್ಯಾಕ್ ಎನ್ನಲು ಹೋದರೆ ಪೀಡೆಬ್ಯಾಗ್ ಎಂದಾಗುತ್ತಿತ್ತು. ಬೂಟು ಹೊಟ್ಟೆ ಹಿಡಿದುಕೊಂಡು ನಕ್ಕ. ಮತ್ತೆ ಹೇಳಿಸಿದ. ಮೇಲಿನಿಂದ ಇಬ್ಬರು ಸೂಪರ್‌ವೈಸರುಗಳನ್ನು ಕರೆಸಿ ಅವರ ಮುಂದೆಯೂ ಹೇಳಿಸಿದ. ತಾತನ ಬಾಯಿಂದ ಜೊಲ್ಲು ಇಳಿಯಿತು. ಒರೆಸಿಕೊಂಡು ಮತ್ತೆ ಹೇಳಿದ. ಅಂದಿನಿಂದ ಅವನ ಹೆಸರೇ ಪೀಡೆ ಎಂದಾಯಿತು. “ಏ ಪೀಡೆ, ಇಲ್ಲಿ ಬಾ,” “ಏ ಪೀಡೆ, ಅಲ್ಲಿ ಹೋಗು.” ಮೊಮ್ಮಕ್ಕಳಿದ್ದ ಮನುಷ್ಯ.

“ಹೋಗ್ಲಿ ಬಿಡಮ್ಮ,” ಎಂದ ತಾತ, ಅತ್ತಿಗೆ ಹಲ್ಲು ಕಡಿದಾಗ. “ಮಾತು ಬಲ್ಲವನಿಗೆ ಜಗಳ ಇಲ್ಲ, ಇಂಗ್ಲಿಷ್ ಬಲ್ಲವನಿಗೆ ಬೆವರಿಲ್ಲ. ನನಗೆ ಜಗಳವೂ ಉಂಟು, ಬೆವರೂ ಉಂಟು, ಜಗಳ ಮಾಡೋಕೆ ಹಲ್ಲು ಮಾತ್ರ ಇಲ್ಲ.”

ಆದರೆ ನಿಜ ಹೇಳಬೇಕೆಂದರೆ ಅತ್ತಿಗೆಗೆ ಪಾಠ ಹಿಡಿಸಿತ್ತು. ಹುಟ್ಟಿದಾಗಿನಿಂದ ಅವಳಿಗೆ ಯಾರೂ ಭೇಷ್ ಎಂದಿರಲಿಲ್ಲ. ಮೇಡಂ ಗುಡ್ ಎಂದಳು. ಅತ್ತಿಗೆಯ ನಾಲಿಗೆ ಚೆನ್ನಾಗಿ ಹೊರಳುತ್ತಿತ್ತು. ಒಮ್ಮೆ ಕೇಳಿದ್ದು ಮರೆಯುತ್ತಿರಲಿಲ್ಲ. ಚೆನ್ನಾಗಿ ಮಾತಾಡಿದವರನ್ನು ಮೇಲಿನ ಮಹಡಿಯ ಕೆಲಸಕ್ಕೆ ಹಾಕುತ್ತಾರೆ ಎಂದು ಬೂಟು ಹೇಳಿದ್ದ. ಮೇಲೆ ಕಿಟಕಿಗಳಿದ್ದವು. ಅತ್ತಿಗೆ ಒದ್ದೆ ಗಂಟು ಹೊರುತ್ತ ಅಸೋಸಿಯೇಟ್, ಚಾಲೆಂಜ್, ಶೂರ್ ಎಂದು ಬಾಯಿಪಾಠ ಮಾಡುತ್ತಿದ್ದಳು. ರೋಲರಿನ ಮುಂದೆ ನಿಂತ ನಾದಿನಿ ನಗುತ್ತಿದ್ದಳು. “ಮೇಲೆ ಹೋದ್ಮೇಲೆ ನನ್ನ ಮರೀಬೇಡ ಅತ್ತಿಗೆ. ಕೊಳವೆಯಲ್ಲಿ ಒಂಚೂರು ಗಾಳಿ ಕಳಿಸು.”

ರೋಲರು ಎಂದರೆ ಆಳುದ್ದದ ಎರಡು ಉಕ್ಕಿನ ಉರುಳೆ. ಒಳಗೆ ಕುದಿಯುವ ಹಬೆ. ಒದ್ದೆ ಚಾದರದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಡುವೆ ಕೊಟ್ಟರೆ ಅದೇ ಎಳೆದುಕೊಳ್ಳುತ್ತದೆ. ಎಳೆದುಕೊಳ್ಳುವ ಬಾಯಿಗೆ ಅಡ್ಡಲಾಗಿ ಒಂದು ಪಟ್ಟಿ. ಬೆರಳು ತಾಗಿದರೆ ಸಾಕು, ಯಂತ್ರ ನಿಲ್ಲಬೇಕು. ಅದಕ್ಕೆಂದೇ ಇಟ್ಟದ್ದು. ಆದರೆ ಅದು ಬಟ್ಟೆ ತಾಗಿದರೂ ನಿಲ್ಲುತ್ತಿತ್ತು. ಕೆಲಸ ನಿಧಾನವಾಗುತ್ತದೆ ಎಂದು ಬೂಟು ಆ ಪಟ್ಟಿಯನ್ನು ತಂತಿ ಸುತ್ತಿ ಮೇಲಕ್ಕೆ ಕಟ್ಟಿಸಿದ್ದ. “ಕಣ್ಣಿಲ್ವಾ ನಿಮಗೆ? ನೋಡ್ಕೊಂಡು ಕೈ ಹಾಕಿ,” ಎಂದಿದ್ದ. ಯಾರೋ ಒಬ್ಬಳು ಅಪಾಯ ಎಂದಳು. “ಅಪಾಯ ಅಲ್ಲ, ಚಾಲೆಂಜ್,” ಎಂದ.

ಅಂದು ಮೇಲೆ ಯಾರದೋ ಮದುವೆ. ಕೋಣೆಗಳೆಲ್ಲ ಭರ್ತಿ. ಕೊಳವೆ ಉಗುಳುತ್ತಲೇ ಇತ್ತು. ಊಟಕ್ಕೂ ಬಿಡಲಿಲ್ಲ. ನಾದಿನಿ ರೋಲರಿಗೆ ಕೊಟ್ಟ ಚಾದರದ ಮೂಲೆ ಮಡಚಿಕೊಂಡಿತು. ಮಡಚಿದ್ದು ಮೇಲೆ ಹೋದರೆ ಬೈಗುಳ ಕೆಳಗೆ ಬರುತ್ತದೆ. ಬಿಡಿಸಲು ಕೈ ಚಾಚಿದಳು. ರೋಲರು ಕೈಯನ್ನು ಎಳೆದುಕೊಂಡಿತು.

ಅತ್ತಿಗೆ ಓಡಿ ಬಂದು ಸ್ವಿಚ್ಚಿಗೆ ಹೊಡೆದಳು. ಯಂತ್ರ ನಿಂತಿತು. ನಿಂತ ಯಂತ್ರ ಬಾಯಿ ಬಿಡಲಿಲ್ಲ. ಕೈ ಒಳಗೇ ಬೇಯುತ್ತಿತ್ತು. ವಾಸನೆ ಬಂತು. ನಾದಿನಿಯ ಕೂಗು ಮನುಷ್ಯರದ್ದಾಗಿರಲಿಲ್ಲ. ತಾತ ಎಲ್ಲಿಂದಲೋ ಕಬ್ಬಿಣದ ಸಲಾಕೆ ತಂದು ಉರುಳೆಗಳ ನಡುವೆ ತೂರಿಸಿ ಮೈಭಾರ ಬಿಟ್ಟು ಮೀಟಿದ. ಬೂಟು ದೂರ ನಿಂತು ಫೋನಿನಲ್ಲಿ “ಇನ್ಸಿಡೆಂಟ್! ಇನ್ಸಿಡೆಂಟ್!” ಎಂದು ಕಿರುಚುತ್ತಿದ್ದ. ಅದು ಯಾವ ಪಾಠದ ಮಾತೋ ಅತ್ತಿಗೆಗೆ ಹೊಳೆಯಲಿಲ್ಲ. ಕೈ ಹೊರಗೆ ಬಂದಾಗ ಅದು ಕೈಯಾಗಿ ಉಳಿದಿರಲಿಲ್ಲ. ನಾದಿನಿಯನ್ನು ಹಿಂಬಾಗಿಲಿನಿಂದಲೇ ಸಾಗಿಸಿದರು. ಮುಂಬಾಗಿಲಲ್ಲಿ ಮದುವೆಯವರು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಆಸ್ಪತ್ರೆಯಲ್ಲಿ ಬಲಗೈಯನ್ನು ಮಣಿಕಟ್ಟಿನ ಮೇಲಿಂದ ತೆಗೆದರು. ಇಸ್ತ್ರಿಮನೆಯಲ್ಲಿ ಪಟ್ಟಿಯ ತಂತಿಯನ್ನು ಬಿಚ್ಚಿದರು. ಎರಡೂ ಒಂದೇ ದಿನ ಆಯಿತು.

ಮರುದಿನ ಪಾಠ ತಪ್ಪಲಿಲ್ಲ. ಮೇಡಂ ಸೆಂಟು ಹೊಡೆಯುವುದನ್ನು ಮಾತ್ರ ಮರೆತಿದ್ದಳು. ಮುಖ ಬಿಳುಚಿತ್ತು. ಬೂಟು ಬಾಗಿಲಿಗೆ ಒರಗಿ ನಿಂತಿದ್ದ. ಇಂದು ಬಿಡಿ ಪದಗಳಿಲ್ಲ, ಎರಡೇ ವಾಕ್ಯ ಎಂದಳು.

“ಶಿ ವಾಸ್ ನೆಗ್ಲಿಜೆಂಟ್. ದ ಕಂಪನಿ ಈಸ್ ನಾಟ್ ಲಯಬಲ್.”

ಎಲ್ಲರೂ ಹೇಳಿದರು. ಮತ್ತೆ ಹೇಳಿಸಿದಳು. ಅತ್ತಿಗೆ ಕೈ ಎತ್ತಿದಳು.

“ಶಿ ಅಂದ್ರೆ ಯಾರು ಮೇಡಂ?”

“ನಿನ್ನ ನಾದಿನಿ.”

“ನೆಗ್ಲಿಜೆಂಟ್ ಅಂದ್ರೆ?”

ಮೇಡಂ ಬೂಟಿನ ಕಡೆ ನೋಡಿದಳು. ಅವನು ಗೋಡೆ ನೋಡುತ್ತಿದ್ದ.

“ಪಾಪದವಳು ಅಂತ,” ಎಂದಳು ಮೇಡಂ. “ಏನೂ ಅರಿಯದವಳು.”

“ನಾಟ್ ಅನ್ನೋದು ಕೆಟ್ಟ ಮಾತು ಅಂದಿದ್ರಲ್ಲ?”

“ಲಯಬಲ್ ಅಂದ್ರೆ ಕೈಬಿಡೋದು. ನಾಟ್ ಲಯಬಲ್ ಅಂದ್ರೆ ಕಂಪನಿ ಕೈಬಿಡಲ್ಲ ಅಂತ. ಇಲ್ಲಿ ನಾಟ್ ಬೇಕು.”

ಅತ್ತಿಗೆಯ ಕಣ್ಣು ತುಂಬಿ ಬಂತು. ಪಾಪದವಳು. ಕಂಪನಿ ಕೈಬಿಡುವುದಿಲ್ಲ. ಇಂಗ್ಲಿಷಿನಲ್ಲೂ ಇಂಥ ಮಾತುಗಳಿವೆ ಎಂದು ಅವಳು ಅಂದುಕೊಂಡಿರಲಿಲ್ಲ. ಲೇಬರ್ ಆಫೀಸಿನಿಂದ ಸಾಹೇಬರು ಬರುತ್ತಾರೆ, ಅವರಿಗೆ ನಮ್ಮ ಮಾತು ಬರೆದುಕೊಳ್ಳಲು ಬರುವುದಿಲ್ಲ, ಎಲ್ಲರೂ ಇಂಗ್ಲಿಷಿನಲ್ಲಿ ಹೇಳಿದರೆ ಹುಡುಗಿಗೆ ಒಳ್ಳೆಯದಾಗುತ್ತದೆ ಎಂದ ಬೂಟು. ಅವನ ದನಿ ಅಷ್ಟು ಮೆತ್ತಗಾದದ್ದನ್ನು ಯಾರೂ ಕೇಳಿರಲಿಲ್ಲ.

ತಾತ ಮಾತ್ರ ಅತ್ತಿಗೆಯ ಕಿವಿಯಲ್ಲಿ, “ಹಾವು ಹಾಲು ಕೊಡ್ತಿದೆ ಅಂದ್ರೆ ಪಾತ್ರೆ ತೊಳೆದು ನೋಡ್ಬೇಕಮ್ಮ. ಹೊರಗೆ ಯಾರನ್ನಾದ್ರೂ ಒಂದು ಮಾತು ಕೇಳು,” ಎಂದ.

“ಮೇಡಂಗೆ ನಮ್ಮ ಮೇಲೆ ಯಾವ ಹಗೆ ತಾತ?” ಎಂದಳು ಅತ್ತಿಗೆ.

ಅವಳೇ ಮುಂದೆ ನಿಂತು ಎಲ್ಲರಿಗೂ ಕಲಿಸಿದಳು. ಬಟ್ಟೆ ಬಿಡಿಸುತ್ತ ಕಲಿಸಿದಳು, ಮಡಿಸುತ್ತ ಕಲಿಸಿದಳು. ನಾಲಿಗೆ ತೊಡರಿದವರ ಗದ್ದ ಹಿಡಿದು ಕಲಿಸಿದಳು. ಬೂಟು ಒಬ್ಬೊಬ್ಬರನ್ನೇ ಗೋಡೆಗೆ ನಿಲ್ಲಿಸಿ ಫೋನಿನಲ್ಲಿ ವಿಡಿಯೋ ಹಿಡಿದ. ತಾತನೂ ಹೇಳಿದ. ಅವನಿಗೆ ಮೂರು ಸಲ ಹೇಳಿಸಬೇಕಾಯಿತು. ಈ ಸಲ ಯಾರೂ ನಗಲಿಲ್ಲ.

ಕೊನೆಗೆ ಉಳಿದದ್ದು ನಾದಿನಿ. ಅವಳಿಗೆ ‘ಶಿ ವಾಸ್’ ಬದಲು ‘ಐ ವಾಸ್’ ಎಂದು ಕಲಿಸಬೇಕಿತ್ತು. ಆ ಕೆಲಸವನ್ನೂ ಮೇಡಂ ಅತ್ತಿಗೆಗೇ ವಹಿಸಿದಳು. ಆಸ್ಪತ್ರೆಯ ಮಂಚದಲ್ಲಿ ನಾದಿನಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಇಲ್ಲದ ಬೆರಳುಗಳು ಉರಿಯುತ್ತವೆ ಎನ್ನುತ್ತಿದ್ದಳು. ಅತ್ತಿಗೆ ಅವಳಿಗೆ ಗಂಜಿ ಕುಡಿಸಿದಳು, ಹಣೆ ಒರೆಸಿದಳು, ಹೇಳಿಕೊಟ್ಟಳು.

“ಬೇಡ ಅತ್ತಿಗೆ. ನಾಲಿಗೆ ಏಳಲ್ಲ.”

“ಹಾಗನ್ನಬೇಡ ಕಣೆ. ಇದೊಂದು ಹೇಳಿಬಿಟ್ರೆ ಕಂಪನಿ ಕೈಬಿಡಲ್ಲ. ನಿನ್ನ ಪಾಪದವಳು ಅಂತ ಎಲ್ಲರೂ ಹೇಳಿದಾರೆ. ಐ ವಾಸ್... ಹೇಳು, ನನ್ನ ಬಂಗಾರ.”

“ಐ ವಾಸ್.”

“ನೆಗ್ಲಿಜೆಂಟ್.”

“ನೆಗಿಲಿ...”

“ನೆಗ್. ಲಿ. ಜೆಂಟ್.”

ಜ್ವರದ ತುಟಿಯಿಂದ ಆ ಮಾತು ಸರಿಯಾಗಿ ಹೊರಡುವವರೆಗೂ ಅತ್ತಿಗೆ ಬಿಡಲಿಲ್ಲ. ಬೂಟು ಬಂದು ವಿಡಿಯೋ ಹಿಡಿದ. “ಕೈ ಕಾಣೋದು ಬೇಡ, ಹೊದಿಕೆ ಮೇಲೆಳೀರಿ,” ಎಂದ. ಅತ್ತಿಗೆಯೇ ಎಳೆದಳು. ನಾದಿನಿ ತಪ್ಪಿಲ್ಲದೆ ಹೇಳಿದಳು. “ವೆರಿ ಗುಡ್,” ಎಂದು ಬೂಟು ಫೋನು ಜೇಬಿಗಿಳಿಸಿ ಹೋದ.

ಗಾಯಕ್ಕೆ ಬಟ್ಟೆ ಕಟ್ಟಲು ಬಂದ ನರ್ಸಿಗೆ ನಾದಿನಿ ಅದನ್ನೇ ಹೇಳಿ ತೋರಿಸಿದಳು. ಕಲಿತ ಹುರುಪು. ಕೈ ಹೋದ ಮೇಲೆ ಮೊದಲ ಸಲ ಅವಳ ಮುಖದಲ್ಲಿ ನಗುವಿನಂಥದ್ದೇನೋ ಸುಳಿದಿತ್ತು. ನರ್ಸಿನ ಕೈ ತಡೆಯಿತು.

“ಯಾಕಮ್ಮ ಹಾಗಂತೀಯಾ? ನಿನ್ನ ತಪ್ಪೇನಿತ್ತು?”

“ತಪ್ಪಾ?”

“ನಾನೇ ಬೇಜವಾಬ್ದಾರಿಯಿಂದ ಮಾಡ್ಕೊಂಡೆ, ಕಂಪನಿದು ಏನೂ ಹೊಣೆ ಇಲ್ಲ ಅಂತ ತಾನೇ ನೀನು ಹೇಳಿದ್ದು?”

ನಾದಿನಿ ಅತ್ತಿಗೆಯನ್ನು ನೋಡಿದಳು. ಅತ್ತಿಗೆ ನರ್ಸನ್ನು ನೋಡಿದಳು. “ಲಯಬಲ್ ಅಂದ್ರೆ ಕೈಬಿಡೋದಲ್ವಾ?” ಎಂದಳು. ನರ್ಸು ಅಲ್ಲ ಎಂದು ತಲೆಯಾಡಿಸಿದಳು. ಅತ್ತಿಗೆ ಓಡಿದಳು. ಮೆಟ್ಟಿಲಿಳಿದು ಬಾಗಿಲಿಗೆ ಬರುವಷ್ಟರಲ್ಲಿ ಬೂಟಿನ ಬೈಕು ತಿರುವು ದಾಟಿತ್ತು. ಅವಳು ವಾಪಸು ಬಂದಾಗ ನಾದಿನಿ ಮತ್ತೆ ಗೋಡೆಗೆ ಮುಖ ಮಾಡಿದ್ದಳು. ಹೆಗಲು ಮುಟ್ಟಿದರೆ ಕೊಡವಿದಳು.

ಲೇಬರ್ ಸಾಹೇಬರು ಬಂದ ದಿನ ಅತ್ತಿಗೆಯನ್ನು ಮೇಲಿನ ಮಹಡಿಗೆ ಕರೆದೊಯ್ದರು. ವಿಡಿಯೋ ಸಾಕು, ಆದರೂ ಎದುರಿಗೆ ಒಬ್ಬರು ಹೇಳಿದರೆ ಚೆನ್ನ ಎಂದು ಸಾಹೇಬರು ಕೇಳಿದ್ದರಂತೆ. ಎಲ್ಲರಿಗಿಂತ ಚೆನ್ನಾಗಿ ಮಾತಾಡುವವಳು ಇವಳೇ ತಾನೆ? ಅತ್ತಿಗೆ ತನಗೆ ಗೊತ್ತಾದದ್ದನ್ನು ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಬಿಟ್ಟಿದ್ದರೆ ಆ ಬಾಗಿಲು ತೆರೆಯುತ್ತಿರಲಿಲ್ಲ. ರಾತ್ರಿಯೆಲ್ಲ ತನ್ನ ಹತ್ತಿರವಿದ್ದ ಅಷ್ಟೂ ಇಂಗ್ಲಿಷನ್ನು ತಡಕಾಡಿದ್ದಳು. ಅದರಲ್ಲಿ ತಂತಿಗೆ ಮಾತಿರಲಿಲ್ಲ. ಹಬೆಗೆ ಇರಲಿಲ್ಲ. ಕೈಗೆ ಕೂಡ ಇರಲಿಲ್ಲ. ಅವೆಲ್ಲ ಬೇಕಾಗುತ್ತವೆ ಎಂದು ಮೇಡಂ ಕಲಿಸಿರಲಿಲ್ಲ.

ಆ ಕೋಣೆಯಲ್ಲಿ ದೊಡ್ಡ ಕಿಟಕಿ ಇತ್ತು. ನೆಲಕ್ಕೆ ಮೆತ್ತನೆ ಹಾಸು. ಸಾಹೇಬರ ಮುಂದೆ ತಿಂಡಿ ತಟ್ಟೆ. ಪಕ್ಕದಲ್ಲಿ ಮೇಡಂ, ಎದುರಿಗೆ ಬೂಟು. ಕೂತುಕೋ ಎಂದು ಯಾರೂ ಅನ್ನಲಿಲ್ಲ.

“ಪ್ಲೀಸ್,” ಎಂದರು ಸಾಹೇಬರು ಗಡಿಯಾರ ನೋಡಿಕೊಂಡು.

ಅತ್ತಿಗೆ ಬೂಟಿನ ಕಡೆ ಬೆರಳು ತೋರಿದಳು.

“ಸೂಪರ್‌ವೈಸರ್ ವಾಸ್ ನೆಗ್ಲಿಜೆಂಟ್. ದ ಕಂಪನಿ ಈಸ್ ಲಯಬಲ್.”

ಬೂಟು ನಕ್ಕ. ಹೊಟ್ಟೆ ಹಿಡಿದುಕೊಂಡು ನಗುವ ನಗುವಲ್ಲ, ದೊಡ್ಡವರ ಮುಂದೆ ನಗುವ ಸಣ್ಣ ನಗು.

“ಗಾಬರಿಯಾಗಿದಾಳೆ ಸಾರ್. ಶಿ ಅನ್ನೋಕೆ ಹೋಗಿ ಸೂಪರ್‌ವೈಸರ್ ಅಂದುಬಿಟ್ಟಳು. ನಾಟ್ ನುಂಗಿಬಿಟ್ಟಳು. ಈಗ ತಾನೆ ಕಲೀತಿದಾರೆ ನೋಡಿ, ಪಾಪ.”

“ಹೌದು ಸಾರ್,” ಎಂದಳು ಮೇಡಂ ಮೇಜನ್ನು ನೋಡುತ್ತ. “ಹೊಸದಾಗಿ ಕಲಿಯೋರು ನಾಟ್ ಬಿಟ್ಟುಬಿಡ್ತಾರೆ. ಕಾಮನ್ ಮಿಸ್ಟೇಕ್.”

ಸಾಹೇಬರು ತಲೆಯಾಡಿಸಿದರು. ನಕ್ಕರು ಕೂಡ. ಬಿಟ್ಟುಹೋದ ನಾಟ್ ಅನ್ನು ಅವರೇ ಸೇರಿಸಿ ಬರೆದುಕೊಂಡರು.

“ನುಂಗಿಲ್ಲ!” ಅತ್ತಿಗೆಯ ಬಾಯಿಂದ ತನ್ನ ಮಾತು ಒಡೆದು ಬಂತು. “ನಾನೇನೂ ನುಂಗಿಲ್ಲ ಸಾಹೇಬರೇ. ಪಟ್ಟಿ ಕಟ್ಟಿಸಿದ್ದು ಇವನು. ತಂತಿಯಲ್ಲಿ ಕಟ್ಟಿಸಿದ್ದ. ಕೈ ಹೋದ ದಿನ ಬಿಚ್ಚಿಸಿದ. ಇವಳು ನಮಗೆ ಸುಳ್ಳು ಅರ್ಥ ಹೇಳಿದಳು. ಪಾಪದವಳು ಅಂದಳು. ಕೈಬಿಡಲ್ಲ ಅಂದಳು. ಬೇಯ್ತಿದ್ದ ಕೈ ನಾನು ಮೂಸಿದೀನಿ! ಇದನ್ನ ಬರ್ಕೊಳ್ಳಿ. ಬರ್ಕೊಳ್ರಿ!”

ಸಾಹೇಬರಿಗೆ ಅವಳ ಮಾತು ಚೆನ್ನಾಗಿಯೇ ಅರ್ಥವಾಗುತ್ತಿತ್ತು. ಅವರ ಅವ್ವನೂ ಅದೇ ಮಾತಿನಲ್ಲೇ ಅವರಿಗೆ ಜೋಗುಳ ಹಾಡಿದ್ದಿರಬೇಕು. ಅದೇ ಮಾತಿನಲ್ಲಿ ಅವರು ಹೇಳಿದರು: “ಎಲ್ಲ ಇಂಗ್ಲಿಷಲ್ಲಿ ಬರೆದು ಆಫೀಸಿಗೆ ತಂದುಕೊಡಮ್ಮ. ಹೀಗೆ ಕೂಗಾಡಿದ್ರೆ ನಾವೇನು ಮಾಡೋಕಾಗುತ್ತೆ?”

ಇಬ್ಬರು ಕಾವಲುಗಾರರು ಅವಳ ರಟ್ಟೆ ಹಿಡಿದು ಎಳೆದರು. ಅತ್ತಿಗೆ ಮೇಜಿನ ಕಾಲು ತಬ್ಬಿಕೊಂಡಳು. ಒಬ್ಬ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಹಿಂಬಾಗಿಲ ಹೊರಗೆ ನೂಕಿದಾಗ ಅವಳ ಕಾಲಿನಲ್ಲಿದ್ದ ಹೋಟೆಲಿನ ಚಪ್ಪಲಿಯನ್ನು ಬಿಚ್ಚಿಸಿಕೊಂಡರು.

ನಾದಿನಿಗೆ ಕಂಪನಿಯಿಂದ ಏನೂ ಬರಲಿಲ್ಲ. ಆಸ್ಪತ್ರೆಯವರು ಮಂಚ ಖಾಲಿ ಮಾಡಿಸಿದರು. ಮನೆಗೆ ಬಂದವಳು ತನ್ನ ಚಾಪೆಯನ್ನು ಎದುರು ಗೋಡೆಗೆ ಎಳೆದುಕೊಂಡಳು. ಎಡಗೈಯಲ್ಲಿ ತಲೆ ಬಾಚಿಕೊಳ್ಳಲು ಹೋಗಿ, ಆಗದೆ, ಬಾಚಣಿಗೆಯನ್ನು ಬಿಸಾಡಿದಳು. ಅತ್ತಿಗೆ ಅದನ್ನು ಎತ್ತಿಕೊಂಡು ಹತ್ತಿರ ಬಂದಳು.

“ಮುಟ್ಟಬೇಡ,” ಎಂದಳು ನಾದಿನಿ. “ಆ ಮೇಡಂಗೆ ಸಂಬಳ ಕೊಡ್ತಿದ್ರು, ಹೇಳಿಕೊಟ್ಟಳು. ನೀನು ಬಿಟ್ಟಿ ಹೇಳಿಕೊಟ್ಟೆ. ಬಂಗಾರ ಅಂದು ಹೇಳಿಕೊಟ್ಟೆ.”

ಅತ್ತಿಗೆ ಬಾಚಣಿಗೆಯನ್ನು ಅವಳ ಚಾಪೆಯ ಅಂಚಿನಲ್ಲಿ ಇಟ್ಟಳು.

ಅವಳು ಬರಿಗಾಲಿನಲ್ಲಿ ಹೋಗಿ ಹೋಟೆಲಿನ ಗೇಟಿನ ಹತ್ತಿರ ನಿಂತಳು. ಕೆಲಸಕ್ಕೆ ಬರುವ ಹೊತ್ತು. ಬಂದವರ ಮುಖಕ್ಕೆ ಮುಖ ಕೊಟ್ಟು ಕೂಗಿದಳು. “ನೆಗ್ಲಿಜೆಂಟ್ ಅಂದ್ರೆ ಪಾಪದವಳು ಅಲ್ಲ. ಬೇಜವಾಬ್ದಾರಿ ಅಂತ. ಲಯಬಲ್ ಅಂದ್ರೆ ಹೊಣೆ. ನಾವು ನಮ್ಮ ಬಾಯಿಂದಲೇ ಅವಳ ಕತ್ತು ಕೊಯ್ದಿದೀವಿ. ವಾಪಸ್ ತಗೊಳ್ಳಿ. ಹೇಳಿದ್ದು ಸುಳ್ಳು ಅಂತ ಹೇಳಿ.” ಜೊತೆಗೆ ಗಂಜಿ ಹಂಚಿಕೊಂಡು ಕುಡಿದವರು ತಲೆ ತಗ್ಗಿಸಿ ದಾಟಿದರು. ಒಬ್ಬಳು ಮುಖಕ್ಕೆ ಸೆರಗು ಎಳೆದುಕೊಂಡಳು. ತಾತ ನಿಂತ. ತುಟಿ ಅಲುಗಿತು. “ಹೊಟ್ಟೆ ಕಣಮ್ಮ,” ಎಂದ. ಅಷ್ಟೇ ಹೇಳಿ ಅವನೂ ಒಳಗೆ ಹೋದ. ಕಾವಲುಗಾರ ಅವಳನ್ನು ತಳ್ಳಿದ. ಮಂಡಿ ತರಚಿ ರಕ್ತ ಬಂತು. ಮರುದಿನ ಮತ್ತೆ ಹೋದಳು. ಮತ್ತೆ ತಳ್ಳಿದರು. ಹುಚ್ಚಿ ಎಂದರು. ಒಬ್ಬ ಅವಳ ಮೇಲೆ ನೀರು ಎರಚಿದ. ಅದು ಒಗೆದ ನೀರು ಎಂದು ವಾಸನೆಯಿಂದಲೇ ತಿಳಿಯಿತು. ಮತ್ತೆ ಹೋದಳು.

ಹಾಗೆ ಹೋಗಿ ನಿಂತ ಒಂದು ಬೆಳಿಗ್ಗೆ ಬೆನ್ನ ಹಿಂದೆ ಯಾರೋ ಬಂದು ನಿಂತಂತಾಯಿತು. ತಿರುಗಿದರೆ ನಾದಿನಿ. ತಲೆ ಕೆದರಿತ್ತು. ಬಲದ ತೋಳಿಗೆ ಹಳೆಯ ಟವೆಲು ಸುತ್ತಿಕೊಂಡಿದ್ದಳು. ಅತ್ತಿಗೆಯ ಜೊತೆ ಮಾತಾಡಲಿಲ್ಲ. ಪಕ್ಕದಲ್ಲಿ ನಿಂತಳು, ಅಷ್ಟೇ.

ಸಂಜೆ ಪಾಠಕ್ಕೆ ಬರುವ ಮೇಡಂನ ಕಾರು ಅಂದು ಬೆಳಿಗ್ಗೆಯೇ ಬಂತು. ಗೇಟು ತೆರೆಯಲೆಂದು ನಿಂತಿತು. ನಾದಿನಿ ಮುಂದೆ ನಡೆದಳು. ಹಲ್ಲಿನಿಂದ ಟವೆಲಿನ ಗಂಟು ಕಚ್ಚಿ ಬಿಚ್ಚಿದಳು. ಇನ್ನೂ ಸರಿಯಾಗಿ ಮಾಯದ, ಹೊಲಿಗೆಯ ಗೆರೆಗಳು ಕೆಂಪಗೆ ಉಬ್ಬಿದ ಮೋಟು ತೋಳನ್ನು ಕಾರಿನ ಮೂತಿಯ ಮೇಲೆ ಇಟ್ಟಳು. ಬಿಸಿ ತಗಡು. ಅವಳ ಮುಖ ಕಿವುಚಿತು. ತೆಗೆಯಲಿಲ್ಲ.

ಡ್ರೈವರು ಹಾರ್ನು ಒತ್ತಿದ. ಕಾವಲುಗಾರ ಓಡಿ ಬಂದವನು ತೋಳನ್ನು ನೋಡಿ, ಎಲ್ಲಿ ಹಿಡಿಯಬೇಕೆಂದು ತಿಳಿಯದೆ ನಿಂತ. ಒಳಗೆ ಹೋಗುತ್ತಿದ್ದವರ ಸಾಲು ನಿಂತಿತು. ತಗ್ಗಿದ್ದ ತಲೆಗಳು ಎದ್ದವು. ಅತ್ತಿಗೆ ಹೋಗಿ ನಾದಿನಿಯ ಪಕ್ಕ ಬಾನೆಟ್ಟಿಗೆ ತನ್ನ ಎರಡೂ ಕೈ ಊರಿದಳು. ನಾದಿನಿ ಕೊಡವಿಕೊಳ್ಳಲಿಲ್ಲ.

ಮೇಡಂ ಗಾಜು ಇಳಿಸಿದಳು. ಮೂಗಿಗೆ ಕರವಸ್ತ್ರ ಹಿಡಿದಿದ್ದಳು. ಕಣ್ಣು ಮಾತ್ರ ಕಾಣುತ್ತಿತ್ತು. ಆ ಕಣ್ಣು ನೋಡಬೇಕಾದ್ದನ್ನು ಬಿಟ್ಟು ಎಲ್ಲೆಲ್ಲೋ ನೋಡುತ್ತಿತ್ತು.

“ದಾರಿ ಬಿಡು,” ಎಂದಳು. “ಕೈ ತೆಗಿ.”

“ಯಾವ ಕೈ ಮೇಡಂ?” ಎಂದಳು ನಾದಿನಿ.